ಬೇಟೆಯಿಲ್ಲದ ಊರಿನಲ್ಲಿ ಬೇಟೆಯ ಬೂಟು

ವಡಾಲದಲ್ಲಿ ಕುಳಿತು ಬೇಟೆಯ ಬೂಟಿನ ಬಗ್ಗೆ ಬರೆಯಹೊರಟವನನ್ನು ಕಂಡು ಓದುಗರು ನಕ್ಕರೆ ತಪ್ಪೇನಿಲ್ಲ. ನಮಗೆ ಇಲ್ಲಿ ದಕ್ಕುವ ಬೇಟೆ ಎಂದರೆ ಬೆಳಗಿನ ಹಾರ್ಬರ್ ಲೈನಿನ ಗಾಡಿಯಲ್ಲಿ ಎರಡು ಕಾಲೂರುವಷ್ಟು ಜಾಗ. ಅದು ಸಿಕ್ಕಿದ ದಿನ ಹುಲಿ ಹೊಡೆದಷ್ಟೇ ಸಂತೋಷ. ನಿಜವಾದ ಬೇಟೆಗಾದರೋ ಈಗ ದೇಶದಲ್ಲೇ ಎಡೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳ ಮಟ್ಟಿಗೆ ಲೈಸೆನ್ಸು ಪಡೆದು ಬೇಟೆಯಾಡುವ ಅವಕಾಶ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಒಳ್ಳೆಯದೇ ಆಯಿತು ಎನ್ನುವವರಲ್ಲಿ ನಾನೂ ಒಬ್ಬ.

ಆದರೆ ಬೇಟೆ ಹೋದರೂ ಬೇಟೆಯ ಬೂಟು ಹೋಗಿಲ್ಲ. ಸಹ್ಯಾದ್ರಿಯ ಕೋಟೆಗಳನ್ನು ಹತ್ತಲು ಮುಂಬಯಿಯ ಹುಡುಗರು ಬಹುಕಾಲದಿಂದ ಹಾಕಿಕೊಳ್ಳುತ್ತ ಬಂದಿರುವ, ಹಸಿರು ಕ್ಯಾನ್ವಾಸಿನ, ಕಾಲಿನ ಗಿಣ್ಣು ಮುಚ್ಚುವ, ರಬ್ಬರ್ ಅಟ್ಟೆಯ ಬೂಟಿಗೆ ಇಲ್ಲಿ ‘ಹಂಟರ್ ಶೂ’ ಎಂದೇ ಹೆಸರು. ಹಾಕಿಕೊಂಡವನು ಇರುವೆಯನ್ನೂ ಕೊಲ್ಲದ ಸಾಧುವಾಗಿರಬಹುದು, ಬೂಟು ಮಾತ್ರ ಬೇಟೆಗಾರನದು. ನಮ್ಮ ಸಂಘದ ತರುಣ ತರುಣಿಯರು ವರ್ಷಕ್ಕೆ ಎರಡು ಮೂರು ಬಾರಿ ಗುಡ್ಡ ಹತ್ತಲು ಹೋಗುವುದುಂಟು. ಹೋಗುವ ಮುನ್ನ, “ನೀವು ಮಲೆನಾಡಿನವರಲ್ಲವೇ, ಯಾವ ಬೂಟು ಕೊಳ್ಳಬೇಕು ಹೇಳಿ” ಎಂದು ಕೇಳುತ್ತಾರೆ. ಕೇಂದ್ರ ಸರ್ಕಾರದ ಗುಮಾಸ್ತನಾದ ನನಗೆ ಫೈಲಿನ ನಂಬರು ಗೊತ್ತಿರುವಷ್ಟು ಬೂಟಿನ ನಂಬರು ಗೊತ್ತಿರುವುದು ಹೇಗೆ? ನಾನು ಹೇಳುವುದೆಲ್ಲ ನನ್ನ ಸೋದರಮಾವ ಹೇಳಿಕೊಟ್ಟದ್ದು. ಅದಕ್ಕೆ ಕಾರವಾರದಲ್ಲಿ ಬಿ.ಎಸ್‌ಸಿ.ಗೆ ಓದಿದ ರಸಾಯನಶಾಸ್ತ್ರವನ್ನು ಒಂದಿಷ್ಟು ಬೆರೆಸಿದ್ದೇನೆ, ಅಷ್ಟೇ.

ಮಾವನ ಊರು ಯಲ್ಲಾಪುರದ ಕಡೆ. ಹಂದಿಯಿಂದ ಗದ್ದೆ ಕಾಯಲೆಂದು ಅವನ ಬಳಿ ಲೈಸೆನ್ಸಿನ ಕೋವಿ ಇತ್ತು. ನಾನು ಎಂಟೊಂಬತ್ತು ವರ್ಷದ ಹುಡುಗನಾಗಿದ್ದಾಗ ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ಬೇಟೆಯ ಕಥೆಗಳಿಗೇನೂ ಬರವಿರಲಿಲ್ಲ. ಪೊದೆ ಬಡಿದು ಹಂದಿ ಎಬ್ಬಿಸುವವರು ಒಂದು ಕಡೆ, ಕೋವಿ ಹಿಡಿದು ಉಸಿರು ಬಿಗಿಹಿಡಿದು ಕಾಯುವವರು ಇನ್ನೊಂದು ಕಡೆ. ಅವರಲ್ಲಿ ಬೂಟು ಕಂಡವರೇ ಇರಲಿಲ್ಲ. ಬರಿಗಾಲು, ಇಲ್ಲವೇ ಲಾರಿ ಟೈರಿನಿಂದ ಕೊಯ್ದು ಮಾಡಿದ ಚಪ್ಪಲಿ. ಮಳೆಗಾಲದಲ್ಲಿ ಉಂಬಳ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು. ಆದರೂ ಪಾದರಕ್ಷೆಯ ವಿಷಯದಲ್ಲಿ ಮಾವನಿಗೆ ಮೂರು ನಿಯಮಗಳಿದ್ದವು. ಅದು ಸದ್ದು ಮಾಡಬಾರದು, ಜಾರಬಾರದು, ಕಚ್ಚಬಾರದು. “ತಮಾ, ಹುಲಿ ಕಚ್ಚಿದವ್ರನ್ನ ನಾನು ನೋಡ್ಲಿಲ್ಲ, ಚಪ್ಪಲಿ ಕಚ್ಚಿದವ್ರನ್ನ ಬೇಕಾದಷ್ಟು ನೋಡಿದ್ದೇನೆ” ಎನ್ನುತ್ತಿದ್ದ.

ಮೊದಲಿನ ಎರಡು ನಿಯಮಗಳನ್ನು ಜಗತ್ತಿನ ಬೇಟೆಗಾರರೂ ಪರ್ವತಾರೋಹಿಗಳೂ ತಮ್ಮ ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದಾರೆ. ಕುಮಾವೂಂ ಕಾಡುಗಳಲ್ಲಿ ನರಭಕ್ಷಕಗಳ ಬೆನ್ನುಹತ್ತಿದ ಜಿಮ್ ಕಾರ್ಬೆಟ್ ನಂಬಿದ್ದು ರಬ್ಬರ್ ಅಡಿಯ ತೆಳುವಾದ ಶೂಗಳನ್ನು. ಒಣ ಎಲೆಯ ಮೇಲೆ ಮೊಳೆ ಹೊಡೆದ ಬೂಟು ಹಾಕಿ ನಡೆದರೆ ಹುಲಿಗೆ ಆಮಂತ್ರಣ ಪತ್ರಿಕೆ ಕಳಿಸಿದಂತೆಯೇ ಸರಿ. ಇನ್ನು ಜಾರುವ ಮಾತು. 1935ರಲ್ಲಿ ಇಟಲಿಯ ಆಲ್ಪ್ಸ್ ಪರ್ವತದಲ್ಲಿ ವಿತಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ಆರು ಮಂದಿ ಸಂಗಡಿಗರು ಹಿಮಗಾಳಿಗೆ ಸಿಕ್ಕಿ ಸತ್ತರು. ಅವರ ಪಾದರಕ್ಷೆ ಆ ನೆಲಕ್ಕೂ ಚಳಿಗೂ ತಕ್ಕದ್ದಾಗಿರಲಿಲ್ಲವೆಂಬ ಕೊರಗಿನಿಂದಲೇ ಬ್ರಮಾನಿ ಆಳವಾದ ಹಲ್ಲುಗಳುಳ್ಳ ರಬ್ಬರ್ ಅಟ್ಟೆಯನ್ನು ರೂಪಿಸಿದ. ಇಂದು ಬೆಟ್ಟದ ಬೂಟುಗಳ ಅಡಿಯಲ್ಲಿ ಕಾಣುವ ಹಲ್ಲು ಹಲ್ಲಿನ ವಿನ್ಯಾಸ ಆ ಆರು ಸಾವುಗಳ ಫಲ. ಅಂಗಡಿಯಲ್ಲಿ ಬೂಟನ್ನು ಕೈಗೆತ್ತಿಕೊಂಡವರು ಮೇಲಿನ ಹೊಳಪು ನೋಡುವ ಮೊದಲು ಅದನ್ನು ತಿರುಗಿಸಿ ಅಟ್ಟೆ ನೋಡಬೇಕೆಂದು ನಾನು ಹೇಳುವುದು ಅದಕ್ಕೇ.

ಮೂರನೆಯ ನಿಯಮ, ಕಚ್ಚಬಾರದೆಂಬುದು, ಕೇಳಲು ಎಲ್ಲಕ್ಕಿಂತ ಸಣ್ಣದು. ಮಾವನ ಜೀವನದಲ್ಲಿ ಅದೇ ದೊಡ್ಡದಾಯಿತು.

ಬೇಟೆ ನಿಂತ ಮೇಲೆ ಕಾಡಿನ ದಾರಿ ಬಲ್ಲ ಮಾವ, ಗಿಡಮರಗಳ ಸರ್ವೆಗೆಂದು ಬರುವವರಿಗೆ ದಾರಿ ತೋರಿಸುವ ಕೆಲಸಕ್ಕೆ ಹೋಗತೊಡಗಿದ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಹಾಗೆ ಬಂದ ಒಂದು ತಂಡ ಮಳೆಗಾಲದ ಕೆಲಸಕ್ಕೆಂದು ಎಲ್ಲರಿಗೂ ಗಮ್‌ಬೂಟು ಹಂಚಿತು. ಹಂಚಿದವರು ಕೇಳಿದ್ದು ನಂಬರನ್ನು ಮಾತ್ರ. ಹುಟ್ಟಿದಾರಭ್ಯ ಬರಿಗಾಲಲ್ಲಿ ನಡೆದ ಮಾವನ ಪಾದ ಬಾಳೆಲೆಯಂತೆ ಹರಡಿಕೊಂಡದ್ದು. ಉದ್ದಕ್ಕೆ ಸರಿಯಾದ ಬೂಟು ಅಗಲಕ್ಕೆ ಸಾಲದು. ಮೂರು ದಿನ ಹಾಕಿಕೊಂಡು ನಡೆದ. ಎಡಗಾಲಿನ ಕಿರುಬೆರಳ ಬದಿಯಲ್ಲಿ ನೀರುಗುಳ್ಳೆ ಎದ್ದು, ಒಡೆದು, ಕೆಸರು ಸೇರಿ ಹುಣ್ಣಾಗಿತ್ತು. ಅವನಿಗೆ ನೋವೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಅವನ ಪಾದದ ನರಗಳನ್ನು ಮಂದಗೊಳಿಸಿಯಾಗಿತ್ತು. ಕಾಯಿಲೆ ಇದೆಯೆಂಬುದೇ ಆ ಹುಣ್ಣಿನಿಂದ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಎರಡು ಬೆರಳು ತೆಗೆದರು. ಹಂದಿಯ ಕೋರೆಗೆ ಸಿಗದೆ, ನಾಗರಹಾವು ತುಳಿಯದೆ ಅರವತ್ತು ವರ್ಷ ಕಾಡಿನಲ್ಲಿ ಓಡಾಡಿದವನು ಒಂದು ಜೊತೆ ಅಳತೆ ತಪ್ಪಿದ ಬೂಟಿಗೆ ಎರಡು ಬೆರಳು ಕೊಟ್ಟು ಮನೆ ಸೇರಿದ.

ಕಳೆದ ನವೆಂಬರಿನಲ್ಲಿ ಕಾಲು ತೋರಿಸಲೆಂದು ಮಾವ ಮುಂಬಯಿಗೆ ಬಂದು ನಮ್ಮಲ್ಲಿ ಇಳಿದುಕೊಂಡಿದ್ದ. ಅದೇ ಸಮಯಕ್ಕೆ ಕಾಲೇಜಿಗೆ ಹೋಗುವ ನನ್ನ ಮಗಳು ಸಂಘದವರ ಜೊತೆ ರಾಜಮಾಚಿಗೆ ಹೋಗುವುದೆಂದು ಗೊತ್ತಾಗಿತ್ತು. ಲೋಣಾವಳದಿಂದ ಸುಮಾರು ಹದಿನೈದು ಕಿಲೋಮೀಟರ್ ನಡೆದು ರಾಜಮಾಚಿ ಸೇರಿ, ರಾತ್ರಿ ತಂಗಿ, ಮರುದಿನ ಕೊಂಢಾಣೆ ಗುಹೆಗಳ ಕಡೆಯಿಂದ ಕರ್ಜತ್ ಬದಿಗೆ ಇಳಿಯುವ ದಾರಿ. ಅವಳು ಮೊಬೈಲಿನಲ್ಲಿ ಬೂಟಿನ ಚಿತ್ರ ನೋಡಿ, ಬಣ್ಣ ಮೆಚ್ಚಿ, “ನನ್ನದು ಐದನೇ ನಂಬರು” ಎಂದು ತರಿಸಲು ಹೊರಟಿದ್ದಳು. ಮಾವ ಕನ್ನಡಕ ಏರಿಸಿ, “ತಂಗೀ, ಸಂಜೆ ತನಕ ತಡಿ. ಒಂದು ಕಾಗದ, ಒಂದು ಪೆನ್ಸಿಲು ತಾ” ಎಂದ.

ಸಂಜೆಯೇ ಏಕೆ? ದಿನವೆಲ್ಲ ನಿಂತು ನಡೆದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ಗುಡ್ಡ ಹತ್ತುವಾಗಲೂ ಹಾಗೆಯೇ ಊದುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಬೂಟು ಮಧ್ಯಾಹ್ನಕ್ಕೆ ಬಿಗಿಯುವುದು ಅದಕ್ಕೇ. ಮಗಳನ್ನು ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಎರಡೂ ಪಾದಗಳ ಸುತ್ತ ಗೆರೆ ಎಳೆದ. ಕುಳಿತು ಅಳೆದರೆ ಉಪಯೋಗವಿಲ್ಲ; ಮೈಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಅಳೆದು ನೋಡಿದರೆ ಬಲಪಾದ ಎಡಕ್ಕಿಂತ ನಾಲ್ಕು ಮಿಲಿಮೀಟರ್ ದೊಡ್ಡದು. ಇದು ದೋಷವೇನಲ್ಲ, ಬಹಳ ಮಂದಿಗೆ ಹಾಗೆಯೇ ಇರುತ್ತದೆ. ದೊಡ್ಡ ಪಾದಕ್ಕೆ ಸರಿಹೋಗುವಂತೆ ಬೂಟು ಕೊಂಡು, ಚಿಕ್ಕದಕ್ಕೆ ಬೇಕಾದರೆ ತೆಳುವಾದ ಒಳಹಾಸು ಹಾಕಬೇಕು.

ಇಲ್ಲಿ ನಂಬರಿನ ಗುಟ್ಟನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ನಡೆದುಬಂದ ಆರು, ಏಳು, ಎಂಟು ಎಂಬ ನಂಬರು ಇಂಗ್ಲೆಂಡಿನದು. ಅದರ ಮೂಲ ಜವೆಗೋಧಿಯ ಕಾಳು. ಮೂರು ಕಾಳು ಸಾಲಿಟ್ಟರೆ ಒಂದು ಇಂಚು, ಒಂದು ಕಾಳಿಗೆ ಒಂದು ನಂಬರು. ಎಂದರೆ ನಂಬರಿನಿಂದ ನಂಬರಿಗೆ ಸುಮಾರು ಎಂಟೂವರೆ ಮಿಲಿಮೀಟರ್ ಅಂತರ. ಯುರೋಪಿನ 38, 39, 40ರ ಲೆಕ್ಕದಲ್ಲಿ ಅಂತರ ಸೆಂಟಿಮೀಟರಿನ ಮೂರರಲ್ಲೆರಡು ಭಾಗ, ಸುಮಾರು 6.7 ಮಿಲಿಮೀಟರ್. ಎರಡೂ ಅಳೆಯುವುದು ಉದ್ದವನ್ನು. ಅಗಲದ ಸುದ್ದಿಯೇ ಇಲ್ಲ. ನಮ್ಮ ತೊಂದರೆ ಇರುವುದು ಅಲ್ಲೇ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021-22ರಲ್ಲಿ ದೇಶದ ಬೇರೆ ಬೇರೆ ಭಾಗಗಳಲ್ಲಿ ಲಕ್ಷಕ್ಕೂ ಮಿಕ್ಕಿ ಜನರ ಪಾದ ಅಳೆಯಿಸಿದಾಗ, ಭಾರತೀಯರ ಪಾದ ಯುರೋಪಿಯನ್ನರದಕ್ಕಿಂತ ಅಗಲವೆಂದು ಕಂಡುಬಂತು. ಮಾವನ ಕಿರುಬೆರಳು ಅದನ್ನು ಮೊದಲೇ ಹೇಳಿತ್ತು, ಕೇಳುವವರಿರಲಿಲ್ಲ.

ಮರುದಿನ ಸಂಜೆ ನಾವು ಮೂವರೂ ಅಂಗಡಿಗೆ ಹೋದೆವು. ಮಗಳು ಗುಡ್ಡದಲ್ಲಿ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಬಂದಿದ್ದಳು. ಮಾವನ ಪರೀಕ್ಷೆ ನಾಲ್ಕು ಬಗೆಯದು. ಮೊದಲನೆಯದು, ಲೇಸು ಬಿಚ್ಚಿ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರುವಂತಿರಬೇಕು. ಎರಡನೆಯದು, ಲೇಸು ಕಟ್ಟಿದ ಮೇಲೆ ಬೂಟಿನೊಳಗೆ ಕಾಲ್ಬೆರಳುಗಳನ್ನು ವೀಣೆ ನುಡಿಸುವಂತೆ ಆಡಿಸಲು ಬರಬೇಕು. ಮೂರನೆಯದು, ತುದಿಗಾಲಲ್ಲಿ ನಿಂತರೆ ಹಿಮ್ಮಡಿ ಮೇಲೇಳಬಾರದು. ಎದ್ದರೆ ಅಲ್ಲಿ ಗುಳ್ಳೆ ಖಂಡಿತ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಅಂಗಡಿಯ ಮೆಟ್ಟಿಲಿನಿಂದ ಇಳಿದು ನೋಡಬೇಕು. ಇಳಿಯುವಾಗ ಹೆಬ್ಬೆರಳು ಮುಂದೆ ಬಡಿಯಬಾರದು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಉಗುರು ಹೋಗುತ್ತದೆ ಎಂದು ಮಾವನ ಮಾತು. ರಾಜಮಾಚಿಯಿಂದ ಕರ್ಜತ್ ಬದಿಗೆ ಇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಐದನೇ ನಂಬರು ಎನ್ನುತ್ತಿದ್ದವಳ ಕಾಲಿಗೆ ಕೊನೆಗೆ ಸರಿಯಾಗಿ ಕೂತದ್ದು ಆರನೆಯದು. ಬಣ್ಣ ಅವಳು ಮೆಚ್ಚಿದ್ದಲ್ಲ. ಒಂದು ದಿನ ಮುಖ ಸಣ್ಣದಾಗಿತ್ತು.

ಕ್ಯಾನ್ವಾಸೋ, ಚರ್ಮವೋ, ಗಮ್‌ಬೂಟೋ ಎಂಬ ಚರ್ಚೆ ನಮ್ಮ ಸಂಘದಲ್ಲಿ ಆಗಾಗ ಏಳುತ್ತದೆ. ಒಂದೆರಡು ದಿನದ ನಡಿಗೆಗೆ ಕ್ಯಾನ್ವಾಸಿನ ಹಂಟರ್ ಶೂ ಅಗ್ಗ, ಹಗುರ, ಒಳಗೆ ಹೋದ ನೀರು ಹೊರಗೂ ಬರುತ್ತದೆ. ಗಮ್‌ಬೂಟು ಕೆಸರಿಗೂ ಉಂಬಳಕ್ಕೂ ಒಳ್ಳೆಯದು, ಆದರೆ ಬೆವರು ಹೊರಗೆ ಹೋಗಲು ದಾರಿಯಿಲ್ಲ, ಲೇಸಿಲ್ಲದ್ದರಿಂದ ಪಾದ ಒಳಗೇ ಓಡಾಡುತ್ತದೆ. ಉದ್ದದ ನಡಿಗೆಗೆ ಅದು ಸಲ್ಲದು. ಚರ್ಮದ ಬೂಟು ಬಾಳಿಕೆಯದು, ಆದರೆ ಪಳಗಿಸಬೇಕು.

ಪಳಗಿಸುವ ವಿದ್ಯೆ ಕನ್ನಡಿಗರಿಗೆ ಹೊಸದೇನಲ್ಲ. ಕೊಲ್ಹಾಪುರಿ ಚಪ್ಪಲಿ ಎಂದು ನಾವು ಕೊಳ್ಳುವುದು ಎಷ್ಟೋ ಬಾರಿ ಅಥಣಿ, ನಿಪ್ಪಾಣಿ ಕಡೆಯ ಕೈಗಳು ಮಾಡಿದ್ದು. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಹೊಸ ಚಪ್ಪಲಿ ತಂದ ದಿನ ನಮ್ಮ ಹಿರಿಯರು ಎಣ್ಣೆ ಸವರಿ ರಾತ್ರಿಯಿಡೀ ಇಡುತ್ತಿದ್ದರಷ್ಟೆ? ಆ ಚರ್ಮ ಗಿಡದ ತೊಗಟೆ, ಅಳಲೆಕಾಯಿಗಳಿಂದ ಹದವಾದದ್ದು. ಎಣ್ಣೆ ಕುಡಿದು ಮೆತ್ತಗಾಗಿ ಪಾದದ ಆಕಾರ ತಾಳುತ್ತದೆ. ಈಗಿನ ಬೂಟುಗಳ ಚರ್ಮ ಹೆಚ್ಚಾಗಿ ಕ್ರೋಮಿಯಂ ಲವಣದಿಂದ ಹದವಾದದ್ದು. ರಸಾಯನಶಾಸ್ತ್ರದ ಮೇಷ್ಟ್ರು ಹೇಳಿದ್ದು ನೆನಪಿದೆ: ತೊಗಟೆ ಹದದ ಒದ್ದೆ ಚರ್ಮ 80 ಡಿಗ್ರಿ ಆಸುಪಾಸಿನಲ್ಲಿ ಮುದುಡಿಕೊಂಡರೆ, ಚೆನ್ನಾಗಿ ಕ್ರೋಮ್ ಹದವಾದದ್ದು ಕುದಿಯುವ ನೀರನ್ನೂ ತಾಳುತ್ತದೆ. ಹಾಗೆಂದು ಒದ್ದೆ ಬೂಟನ್ನು ಗ್ಯಾಸ್ ಒಲೆಯ ಪಕ್ಕ ಇಡಬೇಡಿ. ಚರ್ಮ ಬದುಕಿದರೂ ಅಂಟು ಬದುಕುವುದಿಲ್ಲ. ಹಳೆಯ ದಿನಪತ್ರಿಕೆ ಉಂಡೆಮಾಡಿ ಒಳಗೆ ತುಂಬಿ, ಫ್ಯಾನಿನ ಗಾಳಿಗೆ ಇಡಿ, ಕಾಗದ ಒದ್ದೆಯಾದಂತೆ ಬದಲಿಸಿ. ದಿನಪತ್ರಿಕೆ ಎಂದೆ; ಈ ಮಾಸಿಕವನ್ನು ತುಂಬಿದರೆ ಸಂಪಾದಕರು ಬೇಸರ ಮಾಡಿಕೊಂಡಾರು.

ನಮ್ಮ ಮುಂಬಯಿಯವರಿಗೇ ವಿಶೇಷವಾಗಿ ಹೇಳಬೇಕಾದದ್ದು ಇನ್ನೊಂದಿದೆ. ಹಲವು ಬೂಟುಗಳ ಅಟ್ಟೆಯ ನಡುವಿನ ಮೆತ್ತನೆಯ ಪದರ ಪಾಲಿಯುರೆಥೇನಿನದು. ಗಾಳಿಯ ತೇವ ಅದರ ಕಣಗಳ ಕೊಂಡಿಯನ್ನು ನಿಧಾನವಾಗಿ ಬಿಡಿಸುತ್ತದೆ. ನಾಲ್ಕೈದು ವರ್ಷ ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಬೂಟು ನೋಡಲು ಹೊಸದರಂತೆಯೇ ಇದ್ದು, ಗುಡ್ಡದ ನಡುವೆ ಹಳೆಯ ಬಿಸ್ಕತ್ತಿನಂತೆ ಪುಡಿಪುಡಿಯಾಗಿ ಉದುರಬಹುದು. ಅಣ್ಣನ ಬೂಟು ತಮ್ಮನಿಗೆ ಎಂದು ಇಳಿಸಿ ಕೊಡುವ ತಾಯಂದಿರು ಮೊದಲು ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ, ಬಗ್ಗಿಸಿ ನೋಡಬೇಕು. ಬಿರುಕು ಕಂಡರೆ, ಪುಡಿ ಉದುರಿದರೆ ಅದರ ಆಯುಷ್ಯ ಮುಗಿಯಿತು.

ಕೊಂಡ ಮೇಲೆ ಮೂರು ವಾರದ ಸಾಧನೆ. ಮೊದಲ ವಾರ ಮನೆಯೊಳಗೇ ದಿನಕ್ಕೆ ಅರ್ಧ ಗಂಟೆ. ನೆಲ ಕೊಳೆಯಾಗುತ್ತದೆಂದು ನನ್ನಾಕೆ ಗೊಣಗಿದಳು, ಮಾವ ತಾನೇ ಗುಡಿಸಿದ. ಎರಡನೆಯ ವಾರ ಸಂಜೆ ಫೈವ್ ಗಾರ್ಡನ್ಸ್ ಸುತ್ತ ಒಂದು ಗಂಟೆ. ಮೂರನೆಯ ವಾರ ಬೆನ್ನಿಗೆ ನಿಜವಾದ ಭಾರ ಹೊತ್ತು ಕಟ್ಟಡದ ಮೆಟ್ಟಿಲು ಹತ್ತಿಳಿಯುವುದು. ಆಮೇಲೆ ಒಂದು ಭಾನುವಾರ ಬೋರಿವಿಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕನ್ಹೇರಿ ಗುಹೆಗಳವರೆಗೆ ಹೋಗಿಬರುವುದು. ಪ್ರತಿ ಸಲ ಬೂಟು ಬಿಚ್ಚಿದ ಮೇಲೆ ಮಗಳು ಪಾದ ಚಾಚಬೇಕು, ಮಾವ ನೋಡಬೇಕು. ಎಲ್ಲಿ ಕೆಂಪಾಗಿದೆಯೋ ಅದೇ ಮುಂದೆ ಗುಳ್ಳೆ ಏಳುವ ಜಾಗ. ಗುಳ್ಳೆಗೆ ಬೇಕಾದದ್ದು ಮೂರೇ, ಉಜ್ಜಾಟ, ಶಾಖ, ತೇವ. ಹಾಗಾಗಿ ಒದ್ದೆ ಹತ್ತಿಯ ಕಾಲುಚೀಲ ಬದಲಿಸುವುದು, ಕೆಂಪಾದ ಕೂಡಲೇ ನಿಂತು ಅಂಟುಪಟ್ಟಿ ಹಾಕುವುದು, ಲೇಸನ್ನು ಹತ್ತುವಾಗ ಸ್ವಲ್ಪ ಸಡಿಲಿಸಿ ಇಳಿಯುವಾಗ ಗಿಣ್ಣಿನ ಬಳಿ ಬಿಗಿ ಮಾಡುವುದು, ಹೊರಡುವ ನಾಲ್ಕು ದಿನ ಮೊದಲು ಉಗುರು ಕತ್ತರಿಸುವುದು, ಇವಿಷ್ಟು ಸಾಕು.

ಇಷ್ಟೆಲ್ಲ ರಗಳೆ ಗುಡ್ಡ ಹತ್ತುವವರಿಗೆ, ನಮಗೇಕೆ ಎನ್ನುವ ಹಿರಿಯರಿಗೂ ಒಂದು ಮಾತು. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿದ ಬೆನ್ನಿಗೆ ಇಲಿಜ್ವರ ಹಬ್ಬಿದ್ದನ್ನು ಯಾರೂ ಮರೆತಿಲ್ಲ. ಇಲಿಯ ಮೂತ್ರ ಸೇರಿದ ನೀರಿನಲ್ಲಿನ ರೋಗಾಣು ಕಾಲಿನ ಗಾಯದ ಮೂಲಕವೂ ಮೈಯೊಳಗೆ ಹೋಗುತ್ತದೆ. ಆಫೀಸಿಗೆಂದು ಕೊಂಡ ಶೂ ಹಿಮ್ಮಡಿ ಕಚ್ಚಿದ್ದರೆ, ಮಳೆಗಾಲದ ವಡಾಲದಲ್ಲಿ ಮೊಣಕಾಲುದ್ದ ನೀರು ದಾಟುವವನಿಗೆ ಆ ಚಿಕ್ಕ ಗಾಯವೇ ತೆರೆದ ಬಾಗಿಲು. ಸಕ್ಕರೆ ಕಾಯಿಲೆಯವರು ಹೊಸ ಪಾದರಕ್ಷೆ ಹಾಕಿದ ದಿನ ರಾತ್ರಿ ತಪ್ಪದೆ ದೀಪದ ಬೆಳಕಿನಲ್ಲಿ ಪಾದ ನೋಡಿಕೊಳ್ಳಬೇಕು; ನೋವಿಲ್ಲ ಎಂದು ಸುಮ್ಮನಿರಬಾರದು. ಅಂಗಾಲು ಕಾಣದಿದ್ದರೆ ಕನ್ನಡಿ ಇಟ್ಟು ನೋಡಬೇಕು, ಇಲ್ಲವೇ ಮನೆಯವರಿಂದ ನೋಡಿಸಬೇಕು. ಗುಳ್ಳೆ ಕಂಡರೆ ಸೂಜಿ ಹಾಕದೆ ಡಾಕ್ಟರ ಬಳಿ ಹೋಗಬೇಕು.

ಮಗಳು ಡಿಸೆಂಬರಿನಲ್ಲಿ ರಾಜಮಾಚಿಗೆ ಹೋಗಿಬಂದಳು. ಶ್ರೀವರ್ಧನ, ಮನರಂಜನ ಎರಡೂ ಕೋಟೆ ಹತ್ತಿದಳಂತೆ. ಅಷ್ಟರಲ್ಲಿ ಮಾವ ಊರಿಗೆ ಮರಳಿದ್ದ. ಫೋನಿನಲ್ಲಿ ಅವಳು ಕಣಿವೆ, ಮಂಜು, ರಾತ್ರಿಯ ನಕ್ಷತ್ರಗಳನ್ನೆಲ್ಲ ವರ್ಣಿಸಿದಳು. ಅವನು ಎಲ್ಲ ಕೇಳಿ, “ಅದಿರಲಿ ತಂಗೀ, ಕಿರುಬೆರಳು ಹ್ಯಾಂಗದೆ?” ಎಂದ. ಚೆನ್ನಾಗಿದೆ ಎಂದಳು. ಕಾಲಿನ ಚಿತ್ರ ತೆಗೆದು ಕಳಿಸಲು ಹೇಳಿದ, ಕಳಿಸಿದಳು.

ಫೆಬ್ರವರಿಯಲ್ಲಿ ಸಂಘದ ಮುಂದಿನ ನಡಿಗೆ ಇದೆ. ಹೊಸದಾಗಿ ಬೂಟು ಕೊಳ್ಳುವವರು ಯಾವುದೇ ದಿನ ಸಂಜೆ ಏಳರ ಮೇಲೆ ನಮ್ಮ ಮನೆಗೆ ಬರಬಹುದು. ಕಾಗದ, ಪೆನ್ಸಿಲು, ಅಳತೆಪಟ್ಟಿ ಸಿದ್ಧವಾಗಿವೆ; ದಪ್ಪ ಕಾಲುಚೀಲವನ್ನು ಮಾತ್ರ ನೀವೇ ತರಬೇಕು.